ಕೆಲಸವೇ ಮದ್ದಾಗುವ ಬಗೆ

ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಕಂಡರಿಯದ ವಾಚಕರಿಗೆ ಮೊದಲು ಅದರ ಪರಿಚಯವನ್ನು ಮಾಡಿಕೊಡಬೇಕು. ಒಂದು ಮರದ ಮಣೆ. ಅದರ ಒಂದು ತುದಿಯಲ್ಲಿ ಮೇಲ್ಮುಖವಾಗಿ ನಿಂತ ಅಲಗು. ಸುಲಿಯುವವರು ನೆಲದ ಮೇಲೆ ಕುಳಿತು ಮಣೆಯನ್ನು ಕಾಲಿನಿಂದ ಅದುಮಿ ಹಿಡಿಯುತ್ತಾರೆ. ಬಳಿಕ ಎರಡು ಕೈಗಳಿಂದಲೂ ಅಡಿಕೆಯನ್ನು ಅಲಗಿಗೆ ಒತ್ತಿ, ಹೊರಳಿಸಿ, ಸಿಪ್ಪೆಯನ್ನು ಸೀಳಿ ತೆಗೆಯುತ್ತಾರೆ. ನೋಡುವವರಿಗೆ ಇದು ಕೈಗಳ ಕೆಲಸವೆಂದು ತೋರುವುದು. ಆದರೆ ಕೈಯು ಎಷ್ಟು ಬಲದಿಂದ ಅಲಗನ್ನು ತಳ್ಳುವುದೋ ಅಷ್ಟನ್ನೂ ಕಾಲು ತಡೆದುಕೊಳ್ಳದಿದ್ದರೆ ಮಣೆಯು ಜಾರಿಹೋಗುವುದು. ಅಡಿಕೆಯ ಸಿಪ್ಪೆ ಬಿಡದು. ಅರ್ಧ ಕೆಲಸ ಕಾಲಿನದು.

ಈ ಮಾತನ್ನು ನನಗೆ ತಿಳಿಸಿಕೊಟ್ಟವಳು ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ನಾನು ಭೌತವಿಜ್ಞಾನವನ್ನು ಬೋಧಿಸುತ್ತೇನೆ. ಕ್ರಿಯೆ ಪ್ರತಿಕ್ರಿಯೆಗಳ ನಿಯಮಕ್ಕೆ ಉದಾಹರಣೆ ಕೊಡಿರೆಂದು ಒಂದು ದಿನ ಕೇಳಿದಾಗ ಎಲ್ಲರೂ ಪುಸ್ತಕದಲ್ಲಿದ್ದ ಬಂದೂಕು, ರಾಕೆಟ್ಟುಗಳನ್ನೇ ಒಪ್ಪಿಸಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಈ ಹುಡುಗಿ ಮಾತ್ರ ಎದ್ದು ನಿಂತು, “ಮೆಟ್ಟುಗತ್ತಿ ಸರ್” ಎಂದಳು. ತರಗತಿ ನಕ್ಕಿತು. ಅವಳು ಕುಳಿತುಬಿಟ್ಟಳು. ಪಾಠ ಮುಗಿದ ಮೇಲೆ ಕರೆದು ವಿಚಾರಿಸಿದಾಗ ಅದರ ಹಿಂದಿನ ಕಥೆ ಹೊರಬಿದ್ದಿತು.

ಅವಳ ತಂದೆ ಕೊನೆಗಾರರು. ಎಂದರೆ ಅಡಿಕೆ ಮರವನ್ನು ಹತ್ತಿ ಕೊನೆ ಇಳಿಸುವವರು. ನಾಲ್ಕು ವರ್ಷಗಳ ಹಿಂದೆ ಮಳೆಗೆ ನೆನೆದ ಮರದಿಂದ ಜಾರಿ ಬಿದ್ದು ಸೊಂಟದ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ದೂರದ ನಗರದ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ನಡೆದು ಜೀವ ಉಳಿಯಿತು. ಎರಡು ಕಾಲುಗಳೂ ಹೋದುವು. ಮನೆಗೆ ಕಳುಹಿಸುವಾಗ, “ಇನ್ನು ಇಷ್ಟೇ, ಚೆನ್ನಾಗಿ ನೋಡಿಕೊಳ್ಳಿ” ಎಂದು ಹೇಳಿ ಒಂದು ಗಾಲಿಕುರ್ಚಿಯನ್ನು ಕೊಡಿಸಿದರು. ಆ ಕುರ್ಚಿಯ ಅಗಲ ಸುಮಾರು ೬೫ ಸೆಂಟಿಮೀಟರು; ಮನೆಯ ಬಾಗಿಲಿನ ಅಗಲ ಅದಕ್ಕಿಂತ ಕಡಮೆ, ಸಾಲದುದಕ್ಕೆ ಗೇಣುದ್ದದ ಹೊಸ್ತಿಲು. ಕುರ್ಚಿಯು ಕೊಟ್ಟಿಗೆಯನ್ನು ಸೇರಿತು. ಅದರ ಮೇಲೆ ಕೋಳಿಗಳು ಮೊಟ್ಟೆ ಇಟ್ಟುವು. ಮರದಿಂದ ಮರಕ್ಕೆ ದಾಟಿ ಬದುಕಿದ್ದ ಮನುಷ್ಯ ಎರಡು ವರ್ಷ ಮಂಚದ ಮೇಲೆ ಮಲಗಿ ಮಾಡಿನ ಹೆಂಚುಗಳನ್ನು ಎಣಿಸಿದರು.

ಮೂರನೆಯ ವರ್ಷ ತಾಲ್ಲೂಕಿನಲ್ಲಿ ನಡೆದ ಒಂದು ಶಿಬಿರದ ಮೂಲಕ ಒಬ್ಬ ಮಹಿಳೆ ಅವರ ಮನೆಗೆ ಬಂದರು. ಔಷಧದ ಪೆಟ್ಟಿಗೆಯಾಗಲಿ, ಚುಚ್ಚುಮದ್ದಾಗಲಿ ಅವರಲ್ಲಿರಲಿಲ್ಲ; ಅಳತೆಯ ಪಟ್ಟಿಯೊಂದಿತ್ತು. ಅವರ ಮೊದಲ ಪ್ರಶ್ನೆ ರೋಗದ ವಿಷಯವಲ್ಲ.

“ದಿನವಿಡೀ ಏನೇನು ಮಾಡ್ತೀರಿ ಅಣ್ಣಾ?”

“ಮಾಡೋದೇನಮ್ಮಾ, ಬಿದ್ಕೊಂಡಿರೋದು.”

“ಮೊದಲು?”

“ಕೊನೆ ತೆಗೀತಿದ್ದೆ. ಸುಗ್ಗೀಲಿ ಅಡಿಕೆ ಸುಲೀತಿದ್ದೆ.”

“ಸುಲಿಯೋಕೆ ಕೈ ಇದೆಯಲ್ಲ?”

“ಕೈ ಅದೆ. ಮೆಟ್ಟೋಕೆ ಕಾಲಿಲ್ಲವಲ್ಲ.”

ಆ ಮಹಿಳೆಯು ಅಂಗಳದಲ್ಲಿ ಕುಳಿತು ತಾನೇ ಹತ್ತು ಅಡಿಕೆಗಳನ್ನು ಸುಲಿದು ನೋಡಿದರಂತೆ, ಬೆರಳನ್ನೂ ಕೊಯ್ದುಕೊಂಡರಂತೆ. ಬಳಿಕ ಊರಿನ ಬಡಗಿಯನ್ನು ಕರೆಯಿಸಿ, ನೆಲಕ್ಕೆ ಹುಗಿದ ಕಾಲುಗಳುಳ್ಳ ಒಂದು ಮೇಜನ್ನು ಹೇಳಿದ ಎತ್ತರಕ್ಕೆ ಮಾಡಿಸಿ, ಮೆಟ್ಟುಗತ್ತಿಯ ಮಣೆಯನ್ನು ಬೋಲ್ಟುಗಳಿಂದ ಅದಕ್ಕೆ ಬಿಗಿಸಿದರು. ಕಾಲಿನ ಕೆಲಸವನ್ನು ಮೇಜು ವಹಿಸಿಕೊಂಡಿತು. ಆದರೆ ಮೊದಲ ದಿನವೇ ಹೊಸದೊಂದು ತೊಡಕು: ಅಡಿಕೆಯನ್ನು ಒತ್ತಿದರೆ ಗಾಲಿಕುರ್ಚಿಯೇ ಹಿಂದಕ್ಕೆ ಉರುಳಲಾರಂಭಿಸಿತು. ನೆಲದ ಮೇಲೆ ಕುಳಿತಾಗ ಕೈಯ ತಳ್ಳು ಮತ್ತು ಕಾಲಿನ ತಡೆ ಎರಡೂ ಒಂದೇ ಶರೀರದೊಳಗಿನ ಬಲಗಳು, ಒಂದನ್ನೊಂದು ತೀರಿಸಿಬಿಡುತ್ತವೆ. ಮೇಜಿನ ಮುಂದೆ ಆ ಸರಪಳಿ ಕಡಿದುಹೋಗುವುದು. ಕುರ್ಚಿಯ ಬಿರಿ ಸಾಲದೆ ಬಂದಾಗ, ಕುರ್ಚಿಯ ಚೌಕಟ್ಟಿನಿಂದ ಮೇಜಿನ ಕಾಲಿಗೆ ಒಂದು ಕಬ್ಬಿಣದ ಕೊಕ್ಕೆಯನ್ನು ಸಿಕ್ಕಿಸಿದರು. ಸರಪಳಿ ಮತ್ತೆ ಕೂಡಿತು. ಈ ಕೊಕ್ಕೆಯ ಉಪಾಯ ಹುಡುಗಿಯದೇ ಎಂದು ಅವಳ ತಂದೆ ನನಗೆ ಆಮೇಲೆ ಹೇಳಿದರು, ಅವಳು ಹೇಳಿರಲಿಲ್ಲ.

ಆ ದಿನ ಅವಳು ನನ್ನನ್ನು ಕೇಳಿದ್ದು ಇಷ್ಟು: “ಸರ್, ಅವರು ಮಾಡಿದ್ದು ಡಾಕ್ಟರ ಕೆಲಸ ಅಲ್ಲ, ನರ್ಸಿನ ಕೆಲಸ ಅಲ್ಲ, ಬಡಗಿ ಕೆಲಸಾನೂ ಅಲ್ಲ. ಅದಕ್ಕೂ ಓದು ಇದೆಯಾ?” ಹತ್ತು ವರ್ಷಗಳಿಂದ ವಿಜ್ಞಾನದ ವಿದ್ಯಾರ್ಥಿಗಳಿಗೆ ಮುಂದಿನ ದಾರಿಯನ್ನು ಕುರಿತು ಉಪದೇಶ ಮಾಡುತ್ತಿರುವ ನನಗೆ ಉತ್ತರ ಗೊತ್ತಿರಲಿಲ್ಲ. ಈ ಲೇಖನವು ನಾನು ತಡವಾಗಿ ಹುಡುಕಿಕೊಂಡ ಉತ್ತರ.

ಆ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನುವರು. ಎರಡು ಹೆಸರುಗಳೂ ಕೇಳುವವರನ್ನು ದಾರಿತಪ್ಪಿಸುವಂಥವು. ಉದ್ಯೋಗವೆಂದೊಡನೆ ಸಂಬಳದ ನೌಕರಿಯ ನೆನಪಾಗುವುದು ಸಹಜ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಓ.ಟಿ. ಎಂದರೋ, ಆಸ್ಪತ್ರೆಯಲ್ಲಿ ಅದು ಶಸ್ತ್ರಕ್ರಿಯೆಯ ಕೊಠಡಿ! ಇಲ್ಲಿ ಉದ್ಯೋಗವೆಂದರೆ ಮನುಷ್ಯನು ಎದ್ದಾಗಿನಿಂದ ಮಲಗುವವರೆಗೆ ತೊಡಗುವ ಎಲ್ಲ ಕೆಲಸ: ಹಲ್ಲುಜ್ಜುವುದು, ಅಂಗಿಯ ಗುಂಡಿ ಹಾಕುವುದು, ತುತ್ತು ಕಲಸುವುದು, ಪಾಟಿಯ ಮೇಲೆ ಬರೆಯುವುದು, ಆಡುವುದು, ದುಡಿಯುವುದು. ರೋಗ, ಅಪಘಾತ, ಹುಟ್ಟಿನಿಂದ ಬಂದ ಕೊರತೆ, ಮನೋವ್ಯಾಧಿ, ಮುಪ್ಪು ಇವುಗಳಿಂದ ಇಂತಹ ಕೆಲಸ ನಿಂತುಹೋದಾಗ ಅದನ್ನು ಮರಳಿ ದೊರಕಿಸುವುದೇ ಈ ಚಿಕಿತ್ಸೆಯ ಗುರಿ. ಅದಕ್ಕೆ ಉಪಾಯಗಳು ಮೂರು ಬಗೆ. ಶರೀರವನ್ನು ತಿದ್ದಬಹುದು, ಕೆಲಸ ಮಾಡುವ ಕ್ರಮವನ್ನು ಬದಲಿಸಬಹುದು, ಅದೂ ಆಗದಿದ್ದರೆ ಬಾಗಿಲು, ಮೇಜು, ಚಮಚಗಳನ್ನೇ ಮನುಷ್ಯನಿಗೆ ಒಗ್ಗಿಸಬಹುದು. ಅಂಗಮರ್ದನ, ವ್ಯಾಯಾಮಗಳ ಮೂಲಕ ಚಲನೆಯನ್ನು ಬಲಪಡಿಸುವ ಭೌತಚಿಕಿತ್ಸೆಗೆ, ಎಂದರೆ ಫಿಸಿಯೋಥೆರಪಿಗೆ, ಇದು ಸೋದರವಿದ್ಯೆ. ಆದರೂ ಎರಡೂ ಒಂದೇ ಅಲ್ಲ.

ಈ ವಿದ್ಯೆಯ ಹುಟ್ಟು ಸ್ವಾರಸ್ಯವಾದುದು. ಅಮೆರಿಕದ ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬುವನು ವಾಸ್ತುಶಿಲ್ಪಿ. ಕ್ಷಯರೋಗದಿಂದ ನರಳಿ, ಪಾದದ ಶಸ್ತ್ರಕ್ರಿಯೆಗೆ ಒಳಗಾಗಿ, ಕೊನೆಗೆ ಶರೀರದ ಎಡಭಾಗದ ಸ್ವಾಧೀನವನ್ನೂ ಕಳೆದುಕೊಂಡವನು. ತೋಟದ ಕೆಲಸ, ಮರಗೆಲಸಗಳಿಂದ ತನ್ನ ಶರೀರವನ್ನು ತಾನೇ ದುಡಿಸಿ ಚೇತರಿಸಿಕೊಂಡ ಅವನು, ನ್ಯೂಯಾರ್ಕ್ ಸಂಸ್ಥಾನದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ತನ್ನ ಮನೆಯಲ್ಲಿ ೧೯೧೭ರ ಮಾರ್ಚಿಯಲ್ಲಿ ಕೆಲವರನ್ನು ಕೂಡಿಸಿ ಈ ಚಿಕಿತ್ಸೆಯ ಮೊದಲ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದನು. ಸ್ಥಾಪಕರಲ್ಲಿ ವಿಲಿಯಂ ರಷ್ ಡಂಟನ್ ಎಂಬ ಮನೋವೈದ್ಯನಿದ್ದನು. ಎಲಿನರ್ ಕ್ಲಾರ್ಕ್ ಸ್ಲೇಗಲ್ ಎಂಬ ಮಹಿಳೆಯೂ ಇದ್ದಳು. ಸ್ಲೇಗಲ್ ಷಿಕಾಗೊ ನಗರದ ಹಲ್ ಹೌಸ್ ಎಂಬ ಸೇವಾಕೇಂದ್ರದ ಸಂಪರ್ಕದಲ್ಲಿ ಬೆಳೆದವಳು. ಪರದೇಶಗಳಿಂದ ಬಂದು ಕೊಳೆಗೇರಿಗಳಲ್ಲಿ ನೆಲಸಿದ್ದ ಬಡ ಕಾರ್ಮಿಕರ ನಡುವೆ ನಡೆಯುತ್ತಿದ್ದ ಸಂಸ್ಥೆ ಅದು. ಅಂತೂ ಈ ವಿದ್ಯೆಯ ಬೇರಿನ ಒಂದು ಎಳೆ ಬಡವರ ಕೇರಿಯಲ್ಲಿಯೇ ಇದೆ. ಅದೇ ವರ್ಷ ಅಮೆರಿಕವು ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಗಾಯಾಳು ಸೈನಿಕರು ಹಿಂತಿರುಗಿ ಬಂದಂತೆ ಚಿಕಿತ್ಸೆಯ ಅಗತ್ಯವೂ ಬೆಳೆಯಿತು.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಅವರು ಅಮೆರಿಕದಲ್ಲಿ ಎಲಿಜಬೆತ್ ಲಂಡಿ ಎಂಬ ಹೆಸರಿನಿಂದ ಹುಟ್ಟಿದವರು. ಮಹಾರಾಷ್ಟ್ರದ ವಿಷ್ಣು ನಿಂಬ್ಕರರನ್ನು ಮದುವೆಯಾಗಿ ಭಾರತೀಯರೇ ಆದರು. ಫಿಲಡೆಲ್ಫಿಯದಲ್ಲಿ ತರಬೇತಿ ಪಡೆದು ಬಂದು, ೧೯೫೦ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಔದ್ಯೋಗಿಕ ಚಿಕಿತ್ಸೆಯ ಶಾಲೆಯನ್ನು ತೆರೆದರು. ೧೯೫೨ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು. ಅದೇ ವರ್ಷ ಹತ್ತು ದೇಶಗಳು ಕೂಡಿ ವಿಶ್ವ ಒಕ್ಕೂಟವನ್ನು ರಚಿಸಿದಾಗ ಆ ಹತ್ತರಲ್ಲಿ ಭಾರತವೂ ಒಂದಾಗಿತ್ತು. ಇಷ್ಟು ಮುಂಚೆ ಹೊರಟವರು ಇಷ್ಟು ಹಿಂದೆ ಉಳಿದೆವಲ್ಲ ಎಂಬುದು ಯೋಚಿಸತಕ್ಕ ವಿಷಯ.

ವೆಲ್ಲೂರಿನಲ್ಲಿ ಆ ಕಾಲದಲ್ಲೇ ನಡೆದ ಇನ್ನೊಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಕುಷ್ಠರೋಗದಿಂದ ಮಡಿಸಿಹೋದ ಬೆರಳುಗಳನ್ನು ಸ್ನಾಯುರಜ್ಜುಗಳ ಸ್ಥಾನಾಂತರದಿಂದ ನೆಟ್ಟಗೆ ಮಾಡುವ ಶಸ್ತ್ರಕ್ರಿಯೆಯನ್ನು ಡಾಕ್ಟರ್ ಪಾಲ್ ಬ್ರಾಂಡ್ ಅಲ್ಲಿ ೧೯೪೮ರ ಹೊತ್ತಿಗೆ ಆರಂಭಿಸಿದರು. ಕೈ ಸರಿಯಾಯಿತು, ಆದರೆ ನೆಟ್ಟಗಾದ ಕೈಗೆ ಭಿಕ್ಷೆ ಬೀಳದೆಂದು ರೋಗಿಗಳು ಕೊರಗಿದುದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಕೈಗಳಿಗೆ ಮರಗೆಲಸ ಮೊದಲಾದ ಕಸುಬನ್ನು ಕಲಿಸುವ ಕೇಂದ್ರವೊಂದನ್ನು ಏರ್ಪಡಿಸಿದ ಮೇಲೆಯೇ ಶಸ್ತ್ರಕ್ರಿಯೆ ಸಾರ್ಥಕವಾದುದು. ಸ್ಪರ್ಶಜ್ಞಾನವಿಲ್ಲದ ಬೆರಳಿಗೆ ಉಳಿಯ ಹಿಡಿ ಒತ್ತಿ ಹುಣ್ಣಾದರೂ ತಿಳಿಯದು. ಆದುದರಿಂದ ಹಿಡಿಗಳನ್ನೂ ದಪ್ಪವಾಗಿ, ನುಣುಪಾಗಿ ಮಾಡಬೇಕಾಯಿತು.

ಹಿಡಿಯ ದಪ್ಪದ ಮಾತು ಬಂದುದರಿಂದ ನನ್ನ ವಿಷಯಕ್ಕೆ ಸ್ವಲ್ಪ ಹೊರಳುತ್ತೇನೆ. ಈ ಚಿಕಿತ್ಸೆಯ ಅರ್ಧಭಾಗ ಪದವಿಪೂರ್ವ ತರಗತಿಯ ಭೌತವಿಜ್ಞಾನವೇ ಎಂದರೆ ವಾಚಕರು ಅತಿಶಯವೆಂದು ತಿಳಿಯಬಾರದು.

ಮುಂಗೈಯನ್ನು ಒಂದು ಸನ್ನೆಯೆಂದು ಭಾವಿಸಿರಿ. ಮೊಣಕೈಯ ಕೀಲೇ ಆಧಾರಬಿಂದು. ಹಿಡಿದ ವಸ್ತು ಅಲ್ಲಿಂದ ಸುಮಾರು ೩೫ ಸೆಂಟಿಮೀಟರು ದೂರದಲ್ಲಿರುವುದು. ಅದನ್ನೆತ್ತುವ ತೋಳಿನ ಸ್ನಾಯು ಮೂಳೆಗೆ ಅಂಟಿಕೊಂಡಿರುವುದು ಕೇವಲ ೪-೫ ಸೆಂಟಿಮೀಟರು ದೂರದಲ್ಲಿ. ಎಂದಮೇಲೆ ಒಂದು ಕಿಲೋಗ್ರಾಂ ತೂಕದ ನೀರಿನ ಚೊಂಬನ್ನು ಹಿಡಿದು ನಿಲ್ಲಲು ಸ್ನಾಯು ಏಳೆಂಟು ಕಿಲೋಗ್ರಾಂ ತೂಕದಷ್ಟು ಬಲವನ್ನು ಹಾಕಬೇಕು! ಮುಂಗೈಯ ಸ್ವಂತ ಭಾರ ಬೇರೆ. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಸ್ನಾಯು ಕ್ಷೀಣಿಸಿದವರಿಗಾದರೋ ಚೊಂಬನ್ನು ಎದೆಗೆ ಹತ್ತಿರ ಹಿಡಿಯುವುದನ್ನೂ, ಮೊಣಕೈಯನ್ನು ಮೇಜಿನ ಮೇಲೆ ಊರುವುದನ್ನೂ ಕಲಿಸಿದರೆ ಸಾಕು, ನೀರು ಬಾಯಿಗೆ ಸೇರುವುದು. ಕೀಲುವಾತದವರ ಬೆರಳು ತೆಳುವಾದ ಚಮಚವನ್ನು ಬಿಗಿಹಿಡಿಯಲಾರದು. ಸೈಕಲ್ಲಿನ ಹಳೆಯ ಟ್ಯೂಬನ್ನು ಹಿಡಿಗೆ ಸುತ್ತಿದರೆ ಹಿಡಿ ದಪ್ಪವಾಗಿ ಘರ್ಷಣೆಯೂ ಹೆಚ್ಚುವುದು. ಬೀಗದ ಕೀಲಿಗೆ ಅಡ್ಡಲಾಗಿ ಒಂದು ಉದ್ದನೆಯ ಕಡ್ಡಿಯನ್ನು ಕಟ್ಟಿದರೆ ತಿರುಗಿಸುವ ಬಲ ಕಡಮೆ ಸಾಕು. ಇವೆಲ್ಲ ಕಾಸಿನ ಖರ್ಚಿಲ್ಲದ ಉಪಾಯಗಳು.

ಒತ್ತಡದ ಲೆಕ್ಕ ಇದಕ್ಕಿಂತ ಗಂಭೀರವಾದುದು. ನಮ್ಮ ಕೊನೆಗಾರರು ಕುರ್ಚಿಯಲ್ಲಿ ಕುಳಿತು ಸುಲಿಯಲು ತೊಡಗಿದಾಗ ಚಿಕಿತ್ಸಕಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಿದ್ದು ಆಸನದ ವಿಷಯದಲ್ಲಿ. ಶರೀರದ ಭಾರದಲ್ಲಿ ೪೦ ಕಿಲೋಗ್ರಾಂ ಆಸನದ ಮೇಲೆ ಬೀಳುವುದೆಂದು ಇಟ್ಟುಕೊಳ್ಳೋಣ. ಮೆತ್ತೆಯ ಮೇಲೆ ಅದು ಸಾವಿರ ಚದರ ಸೆಂಟಿಮೀಟರಿಗೆ ಹರಡಿದರೆ ಪ್ರತಿ ಚದರ ಸೆಂಟಿಮೀಟರಿಗೆ ೪೦ ಗ್ರಾಂ. ಗಟ್ಟಿ ಹಲಗೆಯ ಮೇಲೆ ಕುಳಿತಾಗ ಕುಂಡೆಯ ಎರಡು ಮೂಳೆಗಳ ಕೆಳಗಿನ ನೂರು ಚದರ ಸೆಂಟಿಮೀಟರಿನ ಮೇಲೆಯೇ ಹೆಚ್ಚಿನ ಭಾರವೆಲ್ಲ ನಿಂತರೆ ಅದು ೪೦೦ ಗ್ರಾಂವರೆಗೆ ಏರುವುದು. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ಪಾದರಸದ ೩೨ ಮಿಲಿಮೀಟರಿನಷ್ಟೆಂದು ಪುಸ್ತಕಗಳಲ್ಲಿ ಹೇಳುವರು. ಇದನ್ನೇ ನಮ್ಮ ಲೆಕ್ಕಕ್ಕೆ ತಂದರೆ ಚದರ ಸೆಂಟಿಮೀಟರಿಗೆ ಸುಮಾರು ೪೩ ಗ್ರಾಂ. ಅದು ಕಟ್ಟುನಿಟ್ಟಿನ ಗಡಿಯಲ್ಲ. ಶರೀರದಿಂದ ಶರೀರಕ್ಕೆ, ಜಾಗದಿಂದ ಜಾಗಕ್ಕೆ ವ್ಯತ್ಯಾಸವುಂಟು. ಆದರೂ ತಾತ್ಪರ್ಯ ಸ್ಪಷ್ಟ. ಹೊರಗಿನ ಒತ್ತಡ ಒಳಗಿನದನ್ನು ಮೀರಿ ಬಹಳ ಹೊತ್ತು ನಿಂತರೆ ರಕ್ತ ಹರಿಯದು. ರಕ್ತವಿಲ್ಲದ ಮಾಂಸ ಸಾಯುವುದು. ನಮಗಾದರೆ ಜೋಮು ಹಿಡಿದು ನಾವೇ ಹೊರಳಿ ಕೂರುತ್ತೇವೆ. ಬೆನ್ನುಹುರಿ ಕಡಿದವರಿಗೆ ಆ ಎಚ್ಚರಿಕೆಯ ಗಂಟೆಯೇ ಬಾರಿಸದು. ಹೀಗೆ ಆಗುವ ಹುಣ್ಣು ಮೂಳೆಯವರೆಗೆ ಇಳಿದು ಪ್ರಾಣವನ್ನೇ ತೆಗೆದುಕೊಳ್ಳಬಲ್ಲುದು. ಆದುದರಿಂದ ಒಳ್ಳೆಯ ಮೆತ್ತೆ, ಜೊತೆಗೆ ಕಾಲುಗಂಟೆ ಅರ್ಧಗಂಟೆಗೊಮ್ಮೆ ತೋಳುಗಳ ಮೇಲೆ ಊರಿ ಶರೀರವನ್ನು ಎತ್ತುವ ಅಭ್ಯಾಸ. ಕೊನೆಗಾರರು ಅದಕ್ಕೊಂದು ಲೆಕ್ಕವಿಟ್ಟುಕೊಂಡಿದ್ದಾರೆ: ಸುಲಿದ ಅಡಿಕೆಯಿಂದ ಒಂದು ಬುಟ್ಟಿ ತುಂಬಿದಾಗಲೆಲ್ಲ ಒಮ್ಮೆ ಏಳುವುದು.

ಹೊಸ್ತಿಲಿನ ಸಮಸ್ಯೆಗೂ ಭೌತವಿಜ್ಞಾನದಲ್ಲಿ ಉತ್ತರವಿದೆ. ಗಾಲಿಕುರ್ಚಿಯ ಇಳಿಜಾರು ಹಾದಿಗೆ ಹನ್ನೆರಡಕ್ಕೆ ಒಂದು ಎಂಬುದು ಬಳಕೆಯಲ್ಲಿರುವ ಪ್ರಮಾಣ. ಮೂವತ್ತು ಸೆಂಟಿಮೀಟರು ಏರಬೇಕಾದರೆ ಮೂರು ಮೀಟರು ಅರವತ್ತು ಸೆಂಟಿಮೀಟರು ಉದ್ದದ ಹಾದಿ ಬೇಕು. ಮನುಷ್ಯ ಕುರ್ಚಿ ಎರಡೂ ಸೇರಿ ೮೦ ಕಿಲೋಗ್ರಾಂ ಇದ್ದರೂ, ಘರ್ಷಣೆಯನ್ನು ಬಿಟ್ಟರೆ, ತಳ್ಳುವುದಕ್ಕೆ ಏಳು ಕಿಲೋಗ್ರಾಮಿನೊಳಗಿನ ಬಲ ಸಾಕು. ಮಲೆನಾಡಿನಲ್ಲಿ ಮಳೆಗಾಲದ ಪಾಚಿಯ ಮೇಲೆ ಗಾಲಿ ಜಾರದಿರಲು ಮೇಲ್ಮೈಯನ್ನು ಒರಟಾಗಿಸಬೇಕೆಂಬುದನ್ನು ಯಾವ ಪಾಶ್ಚಾತ್ಯ ಗ್ರಂಥವೂ ನಮಗೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಕೇಳಿ ಇದು ಬರಿಯ ಉಪಕರಣಗಳ ವಿದ್ಯೆಯೆಂದು ಯಾರಾದರೂ ಭಾವಿಸಿಯಾರು. ಹಾಗಲ್ಲ. ಪಾರ್ಶ್ವವಾಯು ಬಡಿದವರ ಕೈಯ ವಿಷಯವನ್ನು ನೋಡಿರಿ. ಒಂದು ಕೈ ಸೋತಾಗ ರೋಗಿಯು ಎಲ್ಲ ಕೆಲಸವನ್ನೂ ಇನ್ನೊಂದಕ್ಕೆ ಒಪ್ಪಿಸುವನು. ಸೋತ ಕೈಯಲ್ಲಿ ಸ್ವಲ್ಪ ಶಕ್ತಿ ಮರಳಿದರೂ ಬಳಸುವ ಅಭ್ಯಾಸವೇ ತಪ್ಪಿಹೋಗಿರುವುದು. ಎಡ್ವರ್ಡ್ ಟಾಬ್ ಎಂಬ ಅಮೆರಿಕದ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದನ್ನು ಕಂಡುಕೊಂಡು, ಒಳ್ಳೆಯ ಕೈಯನ್ನೇ ಕಟ್ಟಿಹಾಕಿ ಸೋತ ಕೈಯನ್ನು ದುಡಿಸುವ ಕ್ರಮವನ್ನು ರೂಪಿಸಿದನು. ೨೨೨ ಜನ ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲ ೨೦೦೬ರಲ್ಲಿ ಪ್ರಕಟವಾಯಿತು: ಎರಡು ವಾರ ಎಚ್ಚರವಿರುವ ಹೊತ್ತಿನ ಬಹುಭಾಗ ಒಳ್ಳೆಯ ಕೈಗೆ ಚೀಲ ತೊಡಿಸಿ ತರಬೇತಿ ಕೊಟ್ಟವರ ಸೋತ ಕೈ, ಇತರರದಕ್ಕಿಂತ ಗಮನಾರ್ಹವಾಗಿ ಸುಧಾರಿಸಿತ್ತು. ಮಣಿಕಟ್ಟು ಮತ್ತು ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೇ ಇದು ಸಲ್ಲುವುದೆಂಬುದನ್ನು ಮರೆಯಬಾರದು. ಬಳಸಿದ ಅಂಗಕ್ಕೆ ಮಿದುಳು ತನ್ನಲ್ಲಿ ಹೆಚ್ಚು ಜಾಗವನ್ನು ಬಿಟ್ಟುಕೊಡುವುದು. ಮಾತ್ರೆಯಿಂದ ಸಾಧ್ಯವಾಗದ ಈ ಬದಲಾವಣೆ, ಲೋಟವನ್ನು ಸಾವಿರ ಸಲ ಎತ್ತಿ ಇಳಿಸುವುದರಿಂದ ಸಾಧ್ಯವಾಗುವುದು.

ಆದರೆ ಲೋಟವನ್ನು ಸಾವಿರ ಸಲ ಎತ್ತುವವರು ಯಾರು? ಬೇಸರವಲ್ಲವೇ? ಇಲ್ಲಿಯೇ ಈ ವಿದ್ಯೆಯ ಮರ್ಮವಿರುವುದು. ರೋಗಿಗೆ ಅರ್ಥವುಳ್ಳ ಕೆಲಸವಾಗಿದ್ದರೆ ಮಾತ್ರ ಅವನು ಅದನ್ನು ಮತ್ತೆ ಮತ್ತೆ ಮಾಡುವನು. ಚಿಕಿತ್ಸಾಲಯಗಳಲ್ಲಿ ಬಣ್ಣದ ಗೂಟಗಳನ್ನು ತೂತುಗಳಲ್ಲಿ ಇಡಿಸುವುದುಂಟು. ಎಂಟು ಮಕ್ಕಳನ್ನು ಸಾಕಿದ ಅಜ್ಜಿಗೆ ಗೂಟ ಇಡೆಂದರೆ ಅವಮಾನವೆನಿಸೀತು. ಅವರೆಕಾಯಿ ಸುಲಿದುಕೊಡೆಂದರೆ ಸಂಜೆಯವರೆಗೂ ಸುಲಿದಾಳು. ಒಂದು ಕೈ ಸೋತವರಿಗೆ ತರಕಾರಿ ಹೆಚ್ಚಲೆಂದು, ಮೊಳೆಗಳನ್ನು ಹೊಡೆದ ಹಲಗೆಯೊಂದನ್ನು ಪಾಶ್ಚಾತ್ಯರು ಬಳಸುತ್ತಾರೆ. ತರಕಾರಿಯನ್ನು ಮೊಳೆಗೆ ಚುಚ್ಚಿ ನಿಲ್ಲಿಸಿ ಒಂದೇ ಕೈಯಿಂದ ಕತ್ತರಿಸುವುದು. ನಮ್ಮ ಈಳಿಗೆಮಣೆಯಲ್ಲಿ ಅಲಗೇ ನಿಂತಿದೆ, ತರಕಾರಿಯೇ ಚಲಿಸುತ್ತದೆ. ಒಂದು ಕೈಗೆ ಇದಕ್ಕಿಂತ ಅನುಕೂಲ ಬೇರೆ ಯಾವುದು? ಮಣೆಯನ್ನು ಗಟ್ಟಿಯಾಗಿ ಕೂರಿಸಿ, ಕೂರುವ ಎತ್ತರವನ್ನು ಸರಿಪಡಿಸಿದರೆ ಸಾಕು. ಇದು ಹೊಳೆಯಬೇಕಾದರೆ ಚಿಕಿತ್ಸಕನು ಈಳಿಗೆಮಣೆ ಇರುವ ಮನೆಯಲ್ಲಿ ಬೆಳೆದಿರಬೇಕು.

ನನ್ನ ವಾದ ಇಷ್ಟೇ. ೨೦೧೧ರ ಜನಗಣತಿಯಲ್ಲಿ ಅಂಗವೈಕಲ್ಯವುಳ್ಳವರೆಂದು ಎಣಿಸಲ್ಪಟ್ಟವರು ದೇಶದಲ್ಲಿ ೨ ಕೋಟಿ ೬೮ ಲಕ್ಷ. ಅವರಲ್ಲಿ ನೂರಕ್ಕೆ ೬೯ ಮಂದಿ ಹಳ್ಳಿಗಳಲ್ಲಿರುವವರು. ಕರ್ನಾಟಕದಲ್ಲಿಯೇ ೧೩ ಲಕ್ಷಕ್ಕೆ ಮೀರಿದ ಜನ. ಗಣತಿಯ ಆಮೇಲೆ ಬಂದ ೨೦೧೬ರ ಕಾಯಿದೆಯು ವೈಕಲ್ಯದ ಬಗೆಗಳನ್ನು ೭ರಿಂದ ೨೧ಕ್ಕೆ ಏರಿಸಿತು. ಇವರ ಕೆಲಸಗಳಾವುವು? ನಾಟಿ, ಕಳೆ, ಬೀಡಿ ಕಟ್ಟುವುದು, ಹಾಲು ಕರೆಯುವುದು, ಕಲ್ಲು ಒಡೆಯುವುದು. ಇವನ್ನು ಮಾಡಿ ಬಲ್ಲ ಮನೆಗಳ ಮಕ್ಕಳಿಗೆ ಈ ವಿದ್ಯೆಯ ಹೆಸರೇ ತಿಳಿಯದು. ಹೆಸರು ತಿಳಿದ ನಗರದ ಮಕ್ಕಳಿಗೆ ಈ ಕೆಲಸಗಳೇ ತಿಳಿಯವು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಿಬಿಡಬೇಕು. ನಮ್ಮ ದೇಶದಲ್ಲಿ ಕಸುಬು ಎಂಬುದು ಬಹುಕಾಲ ಕುಲಕ್ಕೆ ಕಟ್ಟಿದ ಹಗ್ಗವಾಗಿತ್ತು. ಕುಂಬಾರರ ಹುಡುಗನನ್ನು ಕರೆದು, ನಿನಗೆ ಮಣ್ಣಿನ ಕೆಲಸ ಗೊತ್ತು, ಆದುದರಿಂದ ಈ ಓದು ನಿನಗೇ ತಕ್ಕುದು ಎಂದರೆ ಅವನು ಅನುಮಾನದಿಂದ ನೋಡುವುದು ನ್ಯಾಯವೇ. ನಾನು ಒಮ್ಮೆ ಹಾಗೆಂದು ಪೆಟ್ಟು ತಿಂದಿದ್ದೇನೆ. “ನಮ್ಮಪ್ಪ ನನ್ನನ್ನು ಓದಿಸ್ತಿರೋದು ಇದರಿಂದ ಬಿಡಿಸಿಕೊಳ್ಳೋಕೆ ಸರ್” ಎಂದು ಆ ಹುಡುಗ ಹೇಳಿದನು. ಅವನಿಗೆ ಭೌತವಿಜ್ಞಾನ ಬೇಕಾದರೆ ಅದು, ಕಾನೂನು ಬೇಕಾದರೆ ಅದು. ಹೆಸರನ್ನಾದರೂ ಕೇಳಿ ತಿಳಿದು ಬೇಡವೆನ್ನುವುದು ಬೇರೆ. ಕೇಳದೆಯೇ ಇರುವುದು ಬೇರೆ.

ಕೇಳಿಸುವುದಕ್ಕೆ ನಾವು ಕಾಲೇಜಿನಲ್ಲಿ ಮಾಡಿದ್ದು ಬಹಳ ಸಣ್ಣ ಪ್ರಯೋಗ. ಒಂದು ಶನಿವಾರ ತರಗತಿಯ ಎಲ್ಲರ ಬಲಗೈಯನ್ನೂ ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿ, ಮುಂದೆ ಗುಂಡಿಯಿರುವ ಅಂಗಿಯೊಂದನ್ನು ತೊಡಲು ಹೇಳಿದೆವು. ಹತ್ತು ನಿಮಿಷ ಬರಿಯ ನಗೆ. ಆಮೇಲೆ ನಗೆ ನಿಂತಿತು. ಕೆಲವರ ಹಣೆಯಲ್ಲಿ ಬೆವರು. ಆಹ್ವಾನದ ಮೇರೆಗೆ ಬಂದಿದ್ದ ಅದೇ ಚಿಕಿತ್ಸಕಿ, ಸೋತ ಕೈಯನ್ನು ಮೊದಲು ತೋಳಿನೊಳಕ್ಕೆ ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ಹೊರತೆಗೆಯುವ ಕ್ರಮವನ್ನು ತೋರಿಸಿದರು. ಐದು ನಿಮಿಷದಲ್ಲಿ ಅರ್ಧ ತರಗತಿ ಅಂಗಿ ತೊಟ್ಟಿತು. ಮನೆಯಲ್ಲಿ ಪಾರ್ಶ್ವವಾಯು ಬಡಿದ ಅಜ್ಜ ಅಜ್ಜಿಯರಿರುವವರು ಎಷ್ಟು ಮಂದಿಯೆಂದು ಕೇಳಿದಾಗ ಹನ್ನೊಂದು ಕೈಗಳು ಮೇಲೆದ್ದುವು, ಎಲ್ಲವೂ ಎಡಗೈಗಳೇ.

ಇನ್ನು ವ್ಯವಹಾರದ ಮಾತು. ಪದವಿಪೂರ್ವದಲ್ಲಿ ಭೌತ, ರಸಾಯನ, ಜೀವವಿಜ್ಞಾನಗಳನ್ನು ಓದಿದವರಿಗೆ ಈ ಪದವಿಯ ಬಾಗಿಲು ತೆರೆದಿದೆ. ಆರು ತಿಂಗಳ ಪ್ರಾಯೋಗಿಕ ಸೇವೆಯೂ ಸೇರಿ ನಾಲ್ಕೂವರೆ ವರ್ಷದ ಓದಾಗಿ ಇದು ನಡೆದುಬಂದಿದೆ. ೨೦೨೧ರಲ್ಲಿ ಸಂಸತ್ತು ಆರೋಗ್ಯಸೇವೆಯ ಸಹವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿ ಔದ್ಯೋಗಿಕ ಚಿಕಿತ್ಸೆಯನ್ನು ಅದರ ವ್ಯಾಪ್ತಿಗೆ ತಂದ ಮೇಲೆ ಪಠ್ಯ, ಅವಧಿ, ಪ್ರವೇಶಗಳ ನಿಯಮಗಳು ಬದಲಾಗುತ್ತಿವೆ. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಮಣಿಪಾಲದಲ್ಲಿಯೂ, ನೆರೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿಯೂ ಈ ಶಿಕ್ಷಣವುಂಟು. ಬಡ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುವು ಕೇಂದ್ರ ಸರ್ಕಾರದ ಸಂಸ್ಥೆಗಳು: ಒಡಿಶಾದ ಕಟಕ್ ಬಳಿ ಓಲಟಪುರದಲ್ಲಿರುವ ಸ್ವಾಮಿ ವಿವೇಕಾನಂದ ಪುನರ್ವಸತಿ ಸಂಸ್ಥೆ, ಕಲ್ಕತ್ತೆಯ ಚಲನವೈಕಲ್ಯ ಸಂಸ್ಥೆ, ದೆಹಲಿಯ ದೀನದಯಾಳ ಉಪಾಧ್ಯಾಯ ಸಂಸ್ಥೆ. ಇವು ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತ ಬಂದಿವೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಮೀಸಲಾತಿಯೂ ಇದೆ. 

ದುಡಿಯುವ ಸ್ಥಳಗಳು ಆಸ್ಪತ್ರೆ, ಮಕ್ಕಳ ಬೆಳವಣಿಗೆಯ ಕೇಂದ್ರ, ವಿಶೇಷ ಶಾಲೆ, ಸೇವಾಸಂಸ್ಥೆಗಳು. ಬೆಂಗಳೂರಿನಲ್ಲಿ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆಯಂಥವು ಹಳ್ಳಿಗಳಿಗೂ ಕೈಚಾಚಿವೆ. ನಿಮ್ಹಾನ್ಸ್ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ಮನೋರೋಗದಿಂದ ಚೇತರಿಸಿಕೊಳ್ಳುತ್ತಿರುವವರು ಬೇಕರಿ, ಹೊಲಿಗೆ ಮೊದಲಾದ ಕೆಲಸಗಳಲ್ಲಿ ತೊಡಗುವುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು.

ಎಲ್ಲವೂ ಹಸನಾಗಿದೆಯೆಂದು ನಾನು ಹೇಳಲಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹುದ್ದೆಗಳು ವಿರಳ. ನಗರದ ಖಾಸಗಿ ಕೇಂದ್ರಗಳಲ್ಲಿ ಕೆಲಸ ಸಿಕ್ಕುವಷ್ಟು ಸುಲಭವಾಗಿ ತಾಲ್ಲೂಕಿನಲ್ಲಿ ಸಿಕ್ಕದು. ಕಲಿತವರಲ್ಲಿ ಅನೇಕರು ಪರದೇಶಕ್ಕೆ ಹೋಗುವರು. ಹಳ್ಳಿಯ ಹುಡುಗಿಯನ್ನು ಓದಿಸಿ ಷಿಕಾಗೊ ನಗರಕ್ಕೆ ಕಳುಹಿಸಿದರೆ ಹಳ್ಳಿಗೇನು ಲಾಭವೆಂದು ಒಬ್ಬ ಸಹೋದ್ಯೋಗಿ ಕೇಳಿದರು. ಆ ಪ್ರಶ್ನೆಯನ್ನು ಎಂಜಿನಿಯರಾಗಲು ಹೊರಟ ತಮ್ಮ ಮಗನಿಗೆ ಅವರು ಎಂದೂ ಕೇಳಿದವರಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅಂಗರಚನಾಶಾಸ್ತ್ರದ ಲ್ಯಾಟಿನ್ ಹೆಸರುಗಳ ಮೊದಲ ವರ್ಷ ಕಬ್ಬಿಣದ ಕಡಲೆಯೇ ಸರಿ. ಅದಕ್ಕೆ ನಮ್ಮ ಕಾಲೇಜಿನ ಜೀವವಿಜ್ಞಾನದ ಅಧ್ಯಾಪಕರೂ ನಾನೂ ಭಾನುವಾರಗಳಂದು ಒಂದು ಗಂಟೆ ಪಾಠ ಹೇಳುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಆರು ಮಂದಿ ಬರುತ್ತಾರೆ.

ಆ ಹುಡುಗಿಯ ಮನೆಗೆ ಕಳೆದ ತಿಂಗಳು ಹೋಗಿದ್ದೆ. ಬಾಗಿಲನ್ನು ಅಗಲಿಸಿ, ಅಂಗಳಕ್ಕೆ ಇಳಿಜಾರು ಮಾಡಿದ್ದಾರೆ. ತಂದೆ ಮೇಜಿನ ಮುಂದೆ ಸುಲಿಯುತ್ತಿದ್ದರು. ಮಾತನಾಡುತ್ತಲೂ ಕೈ ನಿಲ್ಲಲಿಲ್ಲ. ಒಡಿಶಾ ಎಷ್ಟು ದೂರವೆಂದು ಕೇಳಿದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಅಲ್ಲಿ ಅಡಿಕೆ ಬೆಳೀತಾರಾ ಮೇಷ್ಟ್ರೇ?” ಎಂದರು. ತಾಯಿಗೆ ಇನ್ನೂ ಮನಸ್ಸಿಲ್ಲ. ಹತ್ತಿರದಲ್ಲಿ ನರ್ಸಿಂಗ್ ಇರುವಾಗ ಅಷ್ಟು ದೂರವೇಕೆಂಬುದು ಅವರ ಮಾತು, ಅದರಲ್ಲಿ ಅರ್ಥವಿಲ್ಲದಿಲ್ಲ. ಹುಡುಗಿ ಅರ್ಜಿಯನ್ನು ತುಂಬುತ್ತಿದ್ದಳು. ತಂದೆಯ ಉದ್ಯೋಗವೆಂಬ ಕಡೆ ‘ಕೊನೆಗಾರ’ ಎಂದು ಬರೆದಿದ್ದಳು. ಅದನ್ನು ಹೊಡೆದುಹಾಕಿ ‘ಅಡಿಕೆ ಸುಲಿಯುವುದು’ ಎಂದು ತಿದ್ದಿದಳು. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ಇನ್ನೂ ನಾಡಕಚೇರಿಯಿಂದ ಬರಬೇಕಾಗಿತ್ತು.